ಅದೇ, ಪುಟ 47

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕೆಜಿಎಫ್ ಇತಿಹಾಸ ಗೊತ್ತಿಲ್ಲದವರು ಯಾರೂ ಇಲ್ಲ. ಪಾನಿಪುರಿ ಗಾಡಿಯವರಿಗೆ ಗೊತ್ತು, ಆಟೋದವರಿಗೆ ಗೊತ್ತು, ಮಾರಿಕುಪ್ಪಂ ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ಕಡಲೆಕಾಯಿ ಬಿಡಿಸುವವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಏಷ್ಯಾಕ್ಕೇ ಮೊದಲು ಕರೆಂಟ್ ಬಂದದ್ದು ಇಲ್ಲಿ. ಪ್ರಪಂಚದಲ್ಲೇ ಆಳದ ಗಣಿ ಇಲ್ಲಿ. ತೆಗೆದಷ್ಟೇ ಚಿನ್ನ ಇನ್ನೂ ಕೆಳಗಿದೆ, ಯಾರೋ ದೊಡ್ಡವರು ಬೇಕೆಂದೇ ಮುಚ್ಚಿಸಿದರು. ಇಷ್ಟು ಹೇಳಬಲ್ಲವನು ನಮ್ಮೂರಲ್ಲಿ ಪದವೀಧರ. ಆ ದೊಡ್ಡವರು ಯಾರೆಂದು ದನಿ ತಗ್ಗಿಸಿ ಹೇಳಬಲ್ಲವನಿಗೆ ಡಾಕ್ಟರೇಟ್.

ಇಂಥ ಊರಿನಲ್ಲಿ ಬೆಳೆದ ನಾನು ಎಂ.ಎ. ಕೊನೆಯ ಸೆಮಿಸ್ಟರಿಗೆ ‘ಕೋಲಾರ ಚಿನ್ನದ ಗಣಿ: ಒಂದು ಐತಿಹಾಸಿಕ ಅಧ್ಯಯನ’ ಎಂಬ ವಿಷಯ ಆರಿಸಿಕೊಂಡಿದ್ದು ಊರಿನ ಮೇಲಿನ ಪ್ರೀತಿಯಿಂದ ಎಂದು ಅರ್ಜಿಯಲ್ಲಿ ಬರೆದಿದ್ದೆ. ನಿಜವಾದ ಕಾರಣ ಸೋಮಾರಿತನ. ಗೆಳೆಯರು ಹೊಯ್ಸಳರ ತೆರಿಗೆ, ವಿಜಯನಗರದ ಕೆರೆ ಎಂದು ಬಿಸಿಲಲ್ಲಿ ಶಾಸನ ಹುಡುಕಿಕೊಂಡು ಅಲೆಯುವಾಗ, ನಾನು ಪಾನಿಪುರಿ ತಿನ್ನುತ್ತ ಸಂಶೋಧನೆ ಮುಗಿಸಬಹುದೆಂಬುದು ನನ್ನ ಲೆಕ್ಕ. ಬಂಗಾರಪೇಟೆ ಪಾನಿಪುರಿಯ ನೀರು ತಿಳಿಯಾಗಿರುತ್ತದೆ, ತಳ ಕಾಣುತ್ತದೆ. ಕೆಜಿಎಫ್ ಇತಿಹಾಸದ ತಳವೂ ಅಷ್ಟೇ ಸುಲಭವಾಗಿ ಕಂಡೀತೆಂದು ನಾನು ತಿಳಿದಿದ್ದೆ.

ನನ್ನ ಗೈಡ್ ಆಗಿದ್ದ ಮೇಡಂ ನಿವೃತ್ತಿಗೆ ಹತ್ತಿರದವರು. ಅವರ ಮೇಜಿನ ಮೇಲೆ ಒಂದು ಕಾಫಿ ಫ್ಲಾಸ್ಕು, ಒಂದು ಕೆಂಪು ಪೆನ್ನು. ಎರಡರಲ್ಲಿ ಯಾವುದೂ ಖಾಲಿಯಾದದ್ದನ್ನು ನಾನು ನೋಡಿಲ್ಲ. ನನ್ನ ಮೊದಲ ಅಧ್ಯಾಯದ ಮೊದಲ ವಾಕ್ಯ ಹೀಗಿತ್ತು: ‘ಏಷ್ಯಾ ಖಂಡದಲ್ಲೇ ಮೊಟ್ಟಮೊದಲು ವಿದ್ಯುತ್ ದೀಪ ಕಂಡ ಊರು ಕೆಜಿಎಫ್ ಎಂದು ಇತಿಹಾಸಕಾರರು ಹೇಳುತ್ತಾರೆ.’ ಮೇಡಂ ‘ಇತಿಹಾಸಕಾರರು’ ಎಂಬಲ್ಲಿ ಒಂದು ಸುತ್ತು ಹಾಕಿ ಪಕ್ಕದಲ್ಲಿ ಬರೆದರು: ‘ಹೆಸರು? ಪುಟ?’

ಹೆಸರಿಗಾಗಿ ಹೊರಟೆ. ಆ ವಾಕ್ಯ ನಾನು ಎತ್ತಿಕೊಂಡದ್ದು ಒಂದು ಹಳೆಯ ಪ್ರಬಂಧದಿಂದ. ಅದರ ಅಡಿಟಿಪ್ಪಣಿ ಒಂದು ಸ್ಮರಣ ಸಂಚಿಕೆಯತ್ತ ಕೈ ತೋರಿಸುತ್ತಿತ್ತು. ಸ್ಮರಣ ಸಂಚಿಕೆ ಪತ್ರಿಕೆಯೊಂದರ ವಿಶೇಷ ಪುರವಣಿಯತ್ತ ಕಳಿಸಿತು. ಪುರವಣಿಯ ಲೇಖನ ಬರೆದವರು ಕೊನೆಯಲ್ಲಿ ಕೃತಜ್ಞತೆ ಹೇಳಿದ್ದರು, ಯಾರಿಗೆ ಅಂದರೆ ಆ ಹಳೆಯ ಪ್ರಬಂಧ ಬರೆದ ಮಹಾಶಯರಿಗೆ. ಮೂರು ಮನೆ ಬಾಗಿಲು ತಟ್ಟಿ ಕೊನೆಗೆ ಮೊದಲನೇ ಮನೆಯ ಹಿತ್ತಲಿಗೆ ಬಂದು ನಿಂತಿದ್ದೆ.

“ಜಪಾನು ಏಷ್ಯಾದಲ್ಲೇ ಇದೆಯಲ್ಲಪ್ಪ?” ಎಂದರು ಮೇಡಂ.

“ಇದೆ ಮೇಡಂ.”

“ಕ್ಯೋಟೋದಲ್ಲಿ 1891ರಲ್ಲೇ ನೀರಿನಿಂದ ಕರೆಂಟ್ ತೆಗೆದರು. ಜಪಾನ್ ಬೇಡ, ನಮ್ಮ ಡಾರ್ಜಿಲಿಂಗ್ ತಗೋ. ಅಲ್ಲಿ ಸಿದ್ರಾಪಾಂಗ್ ಜಲವಿದ್ಯುತ್ ಕೇಂದ್ರ ಶುರುವಾದದ್ದು 1897ರಲ್ಲಿ. ನಮ್ಮ ಶಿವನಸಮುದ್ರದ ಕರೆಂಟ್ ಕೆಜಿಎಫ್‌ಗೆ ಬಂದದ್ದು ಯಾವಾಗ?”

“1902, ಜೂನ್ 30.” ಈ ತಾರೀಖು ಮಾತ್ರ ನನಗೆ ಬಾಯಿಪಾಠ.

“ಕಾವೇರಿ ದಂಡೆಯಿಂದ ಸುಮಾರು 92 ಮೈಲಿ ತಂತಿ ಎಳೆದು ಗಣಿಗೆ ಕರೆಂಟ್ ತಂದರು. ಬೆಂಗಳೂರು ಪೇಟೆ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಬೆಂಗಳೂರಿಗಿಂತ ಮೂರು ವರ್ಷ ಮೊದಲು! ನಿಜವೇ ಇಷ್ಟು ದೊಡ್ಡದಿರುವಾಗ ಅದಕ್ಕೆ ಏಷ್ಯಾ ಯಾಕೆ ಅಂಟಿಸ್ತೀಯ?”

ಏಷ್ಯಾ ಹೋಯಿತು. ಅದೇ ಸಂಜೆ ಪ್ರಪಂಚವೂ ಹೋಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಕೆಳಗೆ ಇಳಿದದ್ದು ನಿಜ, ಒಂದು ಕಾಲಕ್ಕೆ ಅತಿ ಆಳದ ಗಣಿಗಳ ಸಾಲಿನಲ್ಲಿ ಇದ್ದದ್ದೂ ನಿಜ. ಆದರೆ ದಕ್ಷಿಣ ಆಫ್ರಿಕದವರು ಅದನ್ನೂ ಮೀರಿ ಕೆಳಗೆ ಹೋಗಿದ್ದಾರೆ. ಈ ಸುದ್ದಿಯನ್ನು ಪಾನಿಪುರಿ ಗಾಡಿಯ ಹತ್ತಿರ ಹೇಳಿದೆ. ಗಾಡಿಯಣ್ಣ ಸೌಟು ಎತ್ತಿ ಹಿಡಿದು, “ಎಂ.ಎ. ಓದಿಸಿದರೆ ಹೀಗೇ ಆಗೋದು” ಎಂದ. ಅವತ್ತು ನನ್ನ ತಟ್ಟೆಗೆ ಕೊನೆಯ ಸುಕ್ಕಾಪುರಿ ಬೀಳಲಿಲ್ಲ.

ಇಂಟರ್‌ನೆಟ್ಟಿಗೆ ಶರಣಾದೆ. ಕೆಜಿಎಫ್ ಎಂದು ಹಾಕಿದರೆ ಸಾಕು, ಯಶ್ ಅವರ ಗಡ್ಡ ಪರದೆ ತುಂಬ ಬರುತ್ತಿತ್ತು. ಗಡ್ಡದ ನಡುವೆ ಹಾದಿ ಮಾಡಿಕೊಂಡು ಹೋದವನಿಗೆ ಒಂದು ಕಡೆ ಭರ್ಜರಿ ಮಾಹಿತಿ ಸಿಕ್ಕಿತು: ಚಿನ್ನ ಪತ್ತೆಯಾದದ್ದು 1951ರಲ್ಲಿ, ಇದನ್ನೆಲ್ಲ ಬರೆದದ್ದು ಪತ್ರಕರ್ತ ಆನಂದ್ ಇಂಗಳಗಿ, ಪುಸ್ತಕದ ಹೆಸರು ‘ಎಲ್ ಡೊರಾಡೊ’. ಹೆಸರೂ ಇದೆ, ಪುಸ್ತಕವೂ ಇದೆ! ತಕ್ಷಣ ಅಡಿಟಿಪ್ಪಣಿಗೆ ಹಾಕಿದೆ. ತೂಕ ಬರಲಿ ಎಂದು ಕಂಸದಲ್ಲಿ ‘ನಿಷೇಧಿತ’ ಎಂದೂ ಸೇರಿಸಿದೆ.

“ಈ ಪುಸ್ತಕ ಎಲ್ಲಿ ನೋಡಿದೆ?”

“ಸಿಗೋದಿಲ್ಲ ಮೇಡಂ. ಎಲ್ಲ ಪ್ರತಿ ಸರ್ಕಾರ ಸುಟ್ಟುಹಾಕಿತಂತೆ.”

“ಯಾವ ಸರ್ಕಾರ?”

ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ಮೇಡಂ ತಾವೇ ಹೇಳಿದರು: “ಪ್ರಶಾಂತ್ ನೀಲ್ ಸರ್ಕಾರ. ಮೊಮ್ಮಗನ ಜೊತೆ ಆ ‘ಕೆಜಿಎಫ್’ ಸಿನಿಮಾ ಎರಡು ಸಲ ನೋಡಿದ್ದೀನಿ ಕಣಪ್ಪ. ಅನಂತ ನಾಗ್ ಚೆನ್ನಾಗಿ ಮಾಡಿದ್ದಾರೆ. ಆದರೆ 1951ರಲ್ಲಿ ಚಿನ್ನ ಸಿಕ್ಕಿದ್ದರೆ, ಅದಕ್ಕೆ ಎಪ್ಪತ್ತು ವರ್ಷ ಮುಂಚೆ, 1880ರಲ್ಲಿ, ಜಾನ್ ಟೇಲರ್ ಕಂಪನಿಯವರು ಇಲ್ಲಿ ಬಂದು ಏನು ಅಗೆದರು? ಆಲೂಗಡ್ಡೆಯಾ? 1956ರಲ್ಲಿ ಮೈಸೂರು ಸರ್ಕಾರ ಕಂಪನಿಗಳಿಂದ ಬಿಡಿಸಿಕೊಂಡದ್ದು ಯಾವುದನ್ನ?”

ಸಿನಿಮಾ ಕೈಬಿಟ್ಟು ವಿಜ್ಞಾನಕ್ಕೆ ಹೋದೆ. ‘ಕೋಲಾರ ಚಿನ್ನದ ಗಣಿಯ ಆಳದಲ್ಲಿ’ ಎಂಬರ್ಥದ ಶೀರ್ಷಿಕೆಗಳಿದ್ದ ಒಂದು ರಾಶಿ ಇಂಗ್ಲಿಷ್ ಲೇಖನಗಳು ಸಿಕ್ಕವು. ಒಂದೊಂದಕ್ಕೂ ಮದುವೆ ಕರೆಯೋಲೆಯ ಹಿಂಬದಿಯಷ್ಟು ಹೆಸರುಗಳು. ಗಣಿ ಕಾರ್ಮಿಕರ ಬದುಕಿನ ಬಗ್ಗೆ ಇಷ್ಟು ಜನ ಕೂಡಿ ಬರೆದಿದ್ದಾರಲ್ಲ ಎಂದು ಸಂತೋಷಪಟ್ಟು ಎಲ್ಲವನ್ನೂ ಗ್ರಂಥಋಣಕ್ಕೆ ಸೇರಿಸಿದೆ. ಮೇಡಂ ಪಟ್ಟಿಯ ಮೇಲೆ ಪೆನ್ನಿಟ್ಟು, “ಇದರಲ್ಲಿ ಏನಿದೆ?” ಎಂದರು. “ಆಳದ ವಿಷಯ ಇದೆ ಮೇಡಂ” ಎಂದೆ. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ವಿವರಿಸಿದರು. 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಅಂಥ ಪತ್ತೆಗಳಲ್ಲಿ ಅದು ಪ್ರಪಂಚಕ್ಕೇ ಮೊದಲಿನದು ಎನ್ನುವ ಸಾಲಿನಲ್ಲಿ ನಿಲ್ಲುತ್ತದೆ. ಆ ತಂಡದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನವರು.

“ನ್ಯೂಟ್ರಿನೋ ಅಂದ್ರೆ ಏನು ಹೇಳು?”

ರಾತ್ರಿ ಓದಿದ್ದ ಒಂದೇ ಒಂದು ಸಾಲು ನೆನಪಿಗೆ ಬಂತು. “ಯಾವುದನ್ನೂ ಮುಟ್ಟದೆ ಭೂಮಿಯ ಒಳಗೇ ಹಾದು ಆ ಕಡೆಗೆ ಹೋಗಿಬಿಡುವ ಕಣ ಮೇಡಂ.”

“ನೀನು ಪುಸ್ತಕದೊಳಗೆ ಹಾದುಹೋಗ್ತೀಯಲ್ಲ, ಹಾಗೆ.”

ಲೈಬ್ರರಿಗೆ ಹೋಗಲೇಬೇಕಾಯಿತು. ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್ ತೆಗೆದು ಮೊದಲು ನಮ್ಮೂರನ್ನೇ ಹುಡುಕಿದೆ. ಅಕಾರಾದಿಯಲ್ಲಿ ಬಂಗಾರಪೇಟೆ ಇಲ್ಲ. ನಮ್ಮೂರೇ ಇರಲಿಲ್ಲವೆಂದರೆ ಇದು ಸಂಶೋಧನೆಯ ದೊಡ್ಡ ತಿರುವು ಎಂದು ಎದೆ ಹೊಡೆದುಕೊಂಡಿತು. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, “ಬೌರಿಂಗ್‌ಪೇಟೆ ಅಂತ ನೋಡಪ್ಪ” ಎಂದರು. ಇತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನ ಊರು. ಇಷ್ಟು ದಿನ ಊರ ಹೆಸರಿನಲ್ಲೇ ಚಿನ್ನ ಇದೆ ಎಂದು ಹಾಸ್ಟೆಲಿನಲ್ಲಿ ಕೊಚ್ಚಿಕೊಂಡಿದ್ದವನು ಸದ್ದಿಲ್ಲದೆ ಪುಸ್ತಕ ಮುಚ್ಚಿದೆ.

ಮೇಡಂ ಕಾಟ ತಡೆಯಲಾರದೆ ಮುಂದಿನ ಅಧ್ಯಾಯಕ್ಕೆ ಸಿಕ್ಕಸಿಕ್ಕಲ್ಲೆಲ್ಲ ಅಡಿಟಿಪ್ಪಣಿ ಹಾಕಿದೆ. ಕೋಲಾರ ಜಿಲ್ಲೆ ಕರ್ನಾಟಕದಲ್ಲಿದೆ ಎಂಬುದಕ್ಕೆ ಒಂದು. ಚಿನ್ನ ಬೆಲೆಬಾಳುವ ಲೋಹ ಎಂಬುದಕ್ಕೆ ಒಂದು. ಮೇಲೆ ಎರಡು ಸಾಲು ಪ್ರಬಂಧ, ಕೆಳಗೆ ಪುಟದ ತುಂಬ ಟಿಪ್ಪಣಿ. 1930ರ ಮುಷ್ಕರದ ಭಾಗವನ್ನು ಮಾತ್ರ ಆ ಹಳೆಯ ಪ್ರಬಂಧದಿಂದ ಇಡಿಯಾಗಿ ಇಳಿಸಿದ್ದರಿಂದ ಅದಕ್ಕೆ ಒಂದು ಸಲ ಹೆಸರು ಹಾಕಿ, ಆಮೇಲೆ ಎಲ್ಲ ಕಡೆ ‘ಅದೇ, ಪು. 47’ ಎಂದು ಬರೆದು ಮುಗಿಸಿದ್ದೆ. ಪ್ರಬಂಧ ಬರೆಯುವವರಿಗೆ ‘ಅದೇ’ ಎಂಬುದಕ್ಕಿಂತ ದೊಡ್ಡ ಉಪಕಾರಿ ಇಲ್ಲ. ಎರಡೇ ಅಕ್ಷರ, ಎಷ್ಟು ಭಾರ ಹೊರಿಸಿದರೂ ಹೊರುತ್ತದೆ.

ಒಪ್ಪಿಸುವ ಹಿಂದಿನ ರಾತ್ರಿ ಒಂದು ಯೋಚನೆ ಬಂತು. ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ರೈಲು ಹೋಗುತ್ತದೆ ಎಂದು ಬರೆದ ವಾಕ್ಯಕ್ಕೆ ಆಧಾರವೇ ಇಲ್ಲವಲ್ಲ! ಎದ್ದು ರೈಲ್ವೆ ವೇಳಾಪಟ್ಟಿಯ ಟಿಪ್ಪಣಿಯೊಂದನ್ನು ನಡುವೆ ತುರುಕಿ ನೆಮ್ಮದಿಯಿಂದ ಮಲಗಿದೆ. ಆ ಟಿಪ್ಪಣಿ ಹೋಗಿ ಕೂತದ್ದು ಹಳೆಯ ಪ್ರಬಂಧದ ಹೆಸರಿಗೂ ‘ಅದೇ’ಗಳ ಮೆರವಣಿಗೆಗೂ ಮಧ್ಯೆ.

ಮೇಡಂ ಓದತೊಡಗಿದರು. “1930ರಲ್ಲಿ ಗಣಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡಬೇಕೆಂಬ ಕಂಪನಿಯ ಕ್ರಮವನ್ನು ವಿರೋಧಿಸಿ ಸುಮಾರು ಮೂರು ವಾರ ಮುಷ್ಕರ ನಡೆಯಿತು. ಇದಕ್ಕೆ ಆಧಾರ... ಅದೇ.” ಮೇಲಿನ ಟಿಪ್ಪಣಿ ನೋಡಿದರು. “ಬಂಗಾರಪೇಟೆ–ಮಾರಿಕುಪ್ಪಂ ಪ್ಯಾಸೆಂಜರ್ ರೈಲಿನ ವೇಳಾಪಟ್ಟಿ, ಪುಟ 47.” ಕನ್ನಡಕ ತೆಗೆದು ಒರೆಸಿಕೊಂಡರು. “ವೇಳಾಪಟ್ಟಿ ಇರೋದೇ ಒಂದು ಹಾಳೆ. ಹೋಗಲಿ, ಮುಷ್ಕರ ಎಷ್ಟು ಗಂಟೆಗೆ ಬಂಗಾರಪೇಟೆ ಬಿಡುತ್ತೆ?”

ಆ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಜೂನಿಯರ್‌ಗಳು ನಕ್ಕ ಸದ್ದು ಕಾರಿಡಾರಿನ ಕೊನೆಗೂ ಕೇಳಿಸಿತು. ಮೇಡಂ ಮಾತ್ರ ನಗಲಿಲ್ಲ. ಜಾನಕಿ ನಾಯರ್ ಅವರ 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕವನ್ನು ಬೀರುವಿನಿಂದ ತೆಗೆದು ನನ್ನ ಮುಂದಿಟ್ಟರು. “ಇಷ್ಟು ಜನ ಕೆಲಸ ಬಿಟ್ಟು, ಕೂಲಿ ಬಿಟ್ಟು, ಬೆರಳು ಕೊಡಲ್ಲ ಅಂತ ನಿಂತಿದ್ದಾರೆ. ನೀನು ಅವರ ಬಗ್ಗೆ ಒಂದು ಪುಟ ತಿರುವೋಕೆ ಬೆರಳು ಕೊಡಲ್ಲ ಅಂತೀಯ.”

ಮನೆಗೆ ಬಂದರೆ ಅಮ್ಮನ ಪ್ರಶ್ನೆ ಬೇರೆ: “ಗಣಿ 2001ರಲ್ಲೇ ಮುಚ್ಚಿತು. ನಿಂದು ಯಾವಾಗ ಮುಗಿಯೋದು?”

ಉಳಿದದ್ದು ಲಾವೆಲ್ ಅಧ್ಯಾಯ. ಅವನು ಗಣಿಗೆ ಅರ್ಜಿ ಹಾಕಿದ್ದು 1873 ಎಂದು ಒಂದು ಪುಸ್ತಕ, ಗಣಿ ಹಕ್ಕು ಪಡೆದದ್ದು 1875 ಎಂದು ಇನ್ನೊಂದು. ನಾನು ರಾಜಿ ಮಾಡಿಸಿ 1874 ಎಂದು ಬರೆದಿದ್ದೆ. ಮೇಡಂ, “ಅರ್ಜಿಗೂ ಮಂಜೂರಿಗೂ ನಡುವೆ ವರ್ಷ ಕಳೆಯೋದು ಸರ್ಕಾರಿ ಕಚೇರೀಲಿ ಹೊಸದೇನಪ್ಪ?” ಎಂದು ಎರಡೂ ವರ್ಷಗಳನ್ನು ಅವುಗಳ ಜಾಗದಲ್ಲಿ ಕೂರಿಸಿದರು. ಆಮೇಲೆ ಅಪರೂಪಕ್ಕೆ ನನಗೂ ಒಂದು ಲೋಟ ಕಾಫಿ ಬಗ್ಗಿಸಿದರು.

“ಲಾವೆಲ್ ಯಾರು ಗೊತ್ತಾ?”

“ಬೆಂಗಳೂರಲ್ಲಿ ಒಂದು ರಸ್ತೆ ಮೇಡಂ.”

“ರಸ್ತೆ ಆಗೋಕೆ ಮುಂಚೆ ಮನುಷ್ಯ. ಐರ್ಲೆಂಡಿನವನು. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಮೇಲಿನ ಯುದ್ಧದಲ್ಲಿದ್ದು, ಅಲ್ಲಿ ಚಿನ್ನದ ಹುಚ್ಚು ಹತ್ತಿಸಿಕೊಂಡು, ಬೆಂಗಳೂರು ದಂಡಿನಲ್ಲಿ ಬಂದು ನೆಲೆಸಿದ. ಅವನ ಕೈಗೆ ಜಾನ್ ವಾರನ್ ಎಂಬ ಲೆಫ್ಟಿನೆಂಟ್ ಬರೆದ ಹಳೇ ವರದಿ ಸಿಕ್ಕಿತು. ಟಿಪ್ಪು ಮಡಿದ ಮೇಲೆ ಮೈಸೂರಿನ ಗಡಿ ಅಳೆಯೋಕೆ 1802ರಲ್ಲಿ ಈ ಕಡೆ ಬಂದಿದ್ದ ವಾರನ್, ಊರಿಗಾಂ ಸುತ್ತಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯೋದನ್ನ ನೋಡಿ ಬರೆದಿದ್ದ. ಅದಾಗಿ ಹತ್ತಿರ ಎಪ್ಪತ್ತು ವರ್ಷ. ಆ ವರದಿ ಎಷ್ಟೋ ಜನ ಓದಿರಬೇಕು, ಎಷ್ಟೋ ಜನ ‘ಅದೇ’ ಅಂತ ಬರ್ಕೊಂಡಿರಬೇಕು. ಇವನು ಹೌದಾ ನೋಡೇಬಿಡೋಣ ಅಂತ ಹೊರಟ. 800 ಟನ್ ಚಿನ್ನ, ಮೂರು ಕಿಲೋಮೀಟರ್ ಆಳ, ನಿಮ್ಮೂರ ರೈಲು, ನಿನ್ನ ಈ ಪ್ರಬಂಧ, ಎಲ್ಲ ಬಂದದ್ದು ಒಬ್ಬ ಮನುಷ್ಯ ತಾನು ಓದಿದ್ದನ್ನ ಹೋಗಿ ನೋಡಿದ್ದಕ್ಕೆ.”

ಕಾಫಿ ಬಿಸಿಯಾಗಿತ್ತು. ನನಗೂ ಸ್ವಲ್ಪ ಬಿಸಿ ತಗುಲಿತು. ಮೇಡಂ ಅದನ್ನು ಗಮನಿಸಿ ಒಂದು ಕೆಲಸ ಹಚ್ಚಿದರು. “1871ರಲ್ಲಿ ಲಾವೆಲ್ ಬೆಂಗಳೂರಿಂದ ಎತ್ತಿನ ಗಾಡೀಲಿ ಬಂದ ಅಂತ ಎಲ್ಲರೂ ಬರೀತಾರೆ, ನೀನೂ ಬರೆದಿದ್ದೀಯ. ಬೆಂಗಳೂರು ದಂಡಿನಿಂದ ನಿಮ್ಮೂರ ಮೇಲೆ ಜೋಲಾರಪೇಟೆಗೆ ರೈಲು ಬಿಟ್ಟದ್ದು 1864ರಲ್ಲಿ. ಏಳು ವರ್ಷದಿಂದ ರೈಲು ಓಡ್ತಿರುವಾಗ ಆ ಪುಣ್ಯಾತ್ಮ ಅಷ್ಟು ದೂರ ಗಾಡಿ ಯಾಕೆ ಹತ್ತಿದ? ಹೋಗಿ ಹುಡುಕು. ಇಡೀ ಪ್ರಬಂಧದಲ್ಲಿ ನಿನ್ನದು ಅಂತ ಒಂದು ವಾಕ್ಯ ಇರಲಿ.”

ಹುಡುಕಬೇಕಾದದ್ದು ದಫ್ತರಗಳಲ್ಲಿ. ನಾನು ಹೋದದ್ದು ಚಾಂಪಿಯನ್ ರೀಫ್‌ನ ಲೈನ್ ಮನೆಗಳಲ್ಲಿದ್ದ ಗೆಳೆಯನ ತಾತನ ಹತ್ತಿರ. ಮೌಖಿಕ ಇತಿಹಾಸಕ್ಕೆ ಈಗ ಬಹಳ ಬೆಲೆ ಇದೆ ಎಂದು ಎಲ್ಲೋ ಓದಿದ್ದೆ. ಧೂಳೂ ಇರುವುದಿಲ್ಲ, ಟೀ ಕೂಡ ಕೊಡುತ್ತಾರೆ. ತಾತ ಗಣಿಯಲ್ಲಿ ದುಡಿದು, 2001ರ ಫೆಬ್ರುವರಿ 28ರಂದು ಕೊನೆಯ ಪಾಳಿ ಮುಗಿಸಿ ಮೇಲೆ ಬಂದವರು. ಕಿಟಕಿಯಾಚೆ ಸೈನೈಡ್ ಗುಡ್ಡ. ಮಾತು ತಮಿಳಿನಲ್ಲಿ ಶುರುವಾಗಿ, ತೆಲುಗಿನಲ್ಲಿ ತಿರುಗಿ, ಕನ್ನಡದಲ್ಲಿ ನಿಲ್ಲುತ್ತಿತ್ತು. ಕೇಜಿನಲ್ಲಿ ಕೆಳಗಿಳಿಯುವಾಗ ಕಿವಿ ಕಟ್ಟುವುದು, ಬಂಡೆ ಸಿಡಿದಾಗ ಮೇಲೆ ಮನೆಯ ಪಾತ್ರೆ ಅಲುಗುವುದು, ಸೈರನ್ ತಪ್ಪಿದ ಹೊತ್ತಿಗೆ ಕೂಗಿದರೆ ಹೆಂಗಸರೆಲ್ಲ ಬಾಗಿಲಿಗೆ ಬರುವುದು, ಎಲ್ಲವನ್ನೂ ಹೇಳಿದರು. ಅವುಗಳಲ್ಲಿ ಒಂದನ್ನೂ ನಾನು ಬರೆದುಕೊಳ್ಳಲಿಲ್ಲ. ನನಗೆ ಬೇಕಾದದ್ದು ಎತ್ತಿನ ಗಾಡಿ.

“ತಾತ, ಲಾವೆಲ್ ದೊರೆ ಗಾಡೀಲಿ ಬಂದದ್ದು ಯಾಕೆ? ರೈಲು ತಪ್ಪಿಹೋಗಿತ್ತಂತಲ್ಲ?”

ತಾತ ಟೀ ಲೋಟ ಕೆಳಗಿಟ್ಟು ಯೋಚಿಸಿದರು. “ಹೂಂ ತಂಬಿ. ಹಂಗೇ ಇರಬೇಕು.”

ರೈಲು ತಪ್ಪುವುದು ಬಂಗಾರಪೇಟೆಯವರಿಗೆ ದಿನನಿತ್ಯದ ಸತ್ಯ, ಸಂಶಯಕ್ಕೆ ಎಡೆಯೇ ಇಲ್ಲ. ಮನೆಗೆ ಬಂದು ಬರೆದೆ: ‘ರೈಲು ತಪ್ಪಿದ್ದರಿಂದ ಲಾವೆಲ್ ಎತ್ತಿನ ಗಾಡಿಯಲ್ಲಿ ಬಂದನು. (ಸಂದರ್ಶನ: ನಿವೃತ್ತ ಗಣಿ ಕಾರ್ಮಿಕರು, ಚಾಂಪಿಯನ್ ರೀಫ್.)’ ಹೆಸರು, ಜಾಗ, ಆಧಾರ ಎಲ್ಲ ಸರಿ. ಕನ್ನಡಿಯ ಮುಂದೆ ನಿಂತು ಇತಿಹಾಸಕಾರನ ಹಾವಭಾವ ಸ್ವಲ್ಪ ಅಭ್ಯಾಸವನ್ನೂ ಮಾಡಿದೆ.

ಕೆಲವು ವಾರದ ಮೇಲೆ ಮೇಡಂ ಕರೆಸಿದರು. ಮೇಜಿನ ಮೇಲೆ ಎರಡು ಪ್ರಬಂಧ, ಒಂದು ನನ್ನದು, ಇನ್ನೊಂದು ಅವತ್ತು ಬಾಗಿಲಲ್ಲಿ ನಕ್ಕ ಜೂನಿಯರ್‌ನದು. ಅವನದರಲ್ಲಿ ಕತೆ ಬೆಳೆದಿತ್ತು. ದಂಡು ಸ್ಟೇಷನ್ನಿನಲ್ಲಿ ರೈಲು ತಪ್ಪಿಸಿಕೊಂಡ ಲಾವೆಲ್ ದೊರೆ ತಲೆ ಮೇಲೆ ಕೈಹೊತ್ತು ಕೂತಿದ್ದಾಗ, ಒಬ್ಬ ಗಾಡಿಯವನು ಬಂದು ಸಮಾಧಾನ ಹೇಳಿ ಗಾಡಿ ಹತ್ತಿಸಿಕೊಂಡ. ಆ ಗಾಡಿಯವನೇ ತಾತನ ತಾತ. ಎಡಗಡೆಯ ಎತ್ತಿನ ಹೆಸರು ರಾಮು. ಆಧಾರ: ಅದೇ ಮನೆ, ಅದೇ ತಾತ.

“ಇಬ್ಬರು ವಿದ್ಯಾರ್ಥಿಗಳು, ಒಬ್ಬರೇ ತಾತ,” ಎಂದರು ಮೇಡಂ. “ಇದು ಎರಡು ಆಧಾರ ಅಲ್ಲ, ಒಂದೇ. ತಾತನಿಗೆ ಇದನ್ನ ಯಾರು ಹೇಳಿದ್ದು ಅಂತ ಕೇಳ್ಕೊಂಡು ಬಾ.”

ಮಾರಿಕುಪ್ಪಂ ರೈಲಿನಲ್ಲಿ ಕೂತು ಹೊರಟೆ, ಆ ಕತೆಗೆ ಮೂಲಪುರುಷ ಯಾರೆಂದು ಪತ್ತೆ ಹಚ್ಚಲು. ಆ ಮೂಲಪುರುಷ ಟಿಕೆಟ್ ತೆಗೆದುಕೊಂಡು ಅದೇ ಬೋಗಿಯಲ್ಲಿ, ನನ್ನ ಸೀಟಿನಲ್ಲೇ ಕೂತಿದ್ದ.

ತಾತನ ಮನೆ ಮುಟ್ಟಿದವನೇ ಕೇಳಿದೆ: “ತಾತ, ಆ ರೈಲು ತಪ್ಪಿದ ಕತೆ ನಾನೇ ಅಲ್ವಾ ನಿಮಗೆ ಹೇಳಿದ್ದು?”

“ನೀನು ಎಲ್ಲಿ ಹೇಳಿದೆ ತಂಬಿ? ನೀನು ಕೇಳಿದೆ. ಹೇಳಿದೋನು ನಾನು.”

“ನಿಮ್ಮ ತಾತ ಉತ್ತರ ಆರ್ಕಾಟಿನಿಂದ ಬಂದದ್ದು ಜಾನ್ ಟೇಲರ್ ಕಂಪನಿ ಕಾಲದಲ್ಲಿ ಅಂತ ನೀವೇ ಹೇಳಿದ್ರಿ. ಲಾವೆಲ್ ಬಂದದ್ದು ಅದಕ್ಕೂ ಒಂಬತ್ತು ವರ್ಷ ಮುಂಚೆ.”

“ಗಣಿ ಕೆಲಸಕ್ಕೆ ಆಮೇಲೆ ಬಂದ್ರು. ಗಾಡಿ ಹೊಡೆಯೋಕೆ ಮುಂಚೇನೇ ಬಂದಿದ್ರು.” ತಾತ ಒಳಗೆ ಹೋಗಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಜೂನಿಯರ್‌ನ ಪ್ರಬಂಧ ತಂದು ತೊಡೆಯ ಮೇಲೆ ಬಿಡಿಸಿದರು. “ಇಲ್ಲಿ ನೋಡು, ಪ್ರಿಂಟೇ ಆಗಿದೆ. ಆ ಹುಡುಗ ಒಂದು ಕಾಪಿ ಕೊಟ್ಟು ಹೋದ. ನೀನು ಕೊಟ್ಯಾ?”

ನನ್ನ ಬಾಯಿ ಕಟ್ಟಿತು. ಇಳಿದು ಬಂದು ಗೋಗರೆದೆ. “ತಾತ, ನಮ್ಮ ಮೇಡಂಗೆ ಏನು ಹೇಳಲಿ? ಈ ಕತೇಲಿ ನಂದೂ ಸ್ವಲ್ಪ ಪಾಲಿದೆ ಅಂತಾದರೂ ಒಪ್ಕೊಳ್ಳಿ.”

ತಾತನಿಗೆ ಕನಿಕರ ಬಂತು. ಪ್ರಬಂಧ ಮಡಿಸಿ ಪಕ್ಕಕ್ಕಿಟ್ಟು, ಆಸ್ತಿ ಪಾಲು ಮಾಡುವ ಹಿರಿಯರ ಗತ್ತಿನಲ್ಲಿ ತೀರ್ಪು ಕೊಟ್ಟರು.

“ಗಾಡಿ ನಮ್ಮ ತಾತಂದು, ಅದರಲ್ಲಿ ಮಾತಿಲ್ಲ. ರಾಮು ಪಕ್ಕದಲ್ಲಿ ಇನ್ನೊಂದು ಎತ್ತು ಇರಬೇಕಲ್ಲ, ಅದಕ್ಕಿನ್ನೂ ಹೆಸರಿಟ್ಟಿಲ್ಲ. ಬೇಕಾದ್ರೆ ಅದನ್ನ ನಿಂದು ಅಂತ ಬರ್ಕೋ.”